ಕೌದಿ ಹೊಲಿಯುವ ಕಾಯಕ

ಮನೆಯಲ್ಲಿ ಹಳೆಯ ಸೀರೆಗಳು ಎಷ್ಟಿವೆ ಎಂದು ಕೇಳಿದರೆ ಯಾವ ಗೃಹಿಣಿಯೂ ಥಟ್ಟನೆ ಉತ್ತರ ಹೇಳಲಾರಳು. ಉಡಲು ಬಾರದ, ಎಸೆಯಲು ಮನಸ್ಸೊಪ್ಪದ ಬಟ್ಟೆಗಳು ಪ್ರತಿ ಮನೆಯ ಟ್ರಂಕಿನಲ್ಲಿಯೂ ಅಟ್ಟದ ಮೇಲಿನ ಗಂಟಿನಲ್ಲಿಯೂ ಇರುವುದುಂಟು. ತಾಯಿ ಉಟ್ಟ ಸೀರೆ, ತಂದೆಯ ಪಂಚೆ, ತೊಟ್ಟಿಲ ಕೂಸಿನ ಅಂಗಿ, ಇವನ್ನು ಯಾವ ಅಂಗಡಿಯವನೂ ಕೊಳ್ಳುವುದಿಲ್ಲ, ನಾವೂ ಮಾರುವುದಿಲ್ಲ. ಇಂತಹ ಬಟ್ಟೆಗೆ ನಮ್ಮ ಹಿರಿಯರು ಕಂಡುಕೊಂಡ ಸದ್ಗತಿಯೇ ಕೌದಿ. ಸವೆದ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವನ್ನೂ ಒಂದೇ ದಾರದಿಂದ ಕೂಡಿಸಿ ಹೊಲಿದ ಈ ಹೊದಿಕೆಯನ್ನು ಹೊದ್ದು ಬೆಳೆಯದವರು ನನ್ನ ವಯಸ್ಸಿನವರಲ್ಲಿ ವಿರಳ.

ಈ ವಿಷಯವನ್ನು ಕುರಿತು ಬರೆಯಲು ನನಗೆ ಕಾರಣವೊಂದುಂಟು. ಎರಡು ವರ್ಷಗಳ ಹಿಂದೆ ನನ್ನ ಧರ್ಮಪತ್ನಿ ಲಿಂಗೈಕ್ಯಳಾದಳು. ವರ್ಷದ ಪುಣ್ಯಸ್ಮರಣೆ ಕಳೆದ ಮೇಲೆ, ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಸೊಸೆ ಅವಳ ಟ್ರಂಕನ್ನು ತೆರೆದಾಗ ತಳದಲ್ಲಿ ಅರ್ಧ ಹೊಲಿದ ಕೌದಿಯೊಂದು ಸಿಕ್ಕಿತು. ಹೊಲಿಗೆಯ ಸಾಲು ನಿಂತಲ್ಲಿ ಸೂಜಿ ಹಾಗೆಯೇ ಚುಚ್ಚಿಕೊಂಡಿತ್ತು. ಅದರ ಕಣ್ಣಿನಲ್ಲಿ ಗೇಣುದ್ದ ದಾರವೂ ಉಳಿದಿತ್ತು. ತುಂಡುಗಳನ್ನು ನೋಡುತ್ತ ಹೋದಂತೆ ನಾನು ಒಂದೊಂದನ್ನೂ ಗುರುತಿಸಿದೆನು. ಗೌರಿಬಿದನೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ಅವ್ವ ಉಡುತ್ತಿದ್ದ ಹಸಿರು ಸೀರೆ ಅಲ್ಲಿತ್ತು. ಚಿಂತಾಮಣಿಯ ತವರಿನಿಂದ ಅವಳು ತಂದಿದ್ದ ಕೆಂಪು ಅಂಚಿನ ಸೀರೆ ಅಲ್ಲಿತ್ತು. ಶಿಡ್ಲಘಟ್ಟಕ್ಕೆ ಕೊಟ್ಟ ಮಗಳ ಬಾಣಂತನದ ಸೀರೆಯೂ ನನ್ನದೇ ಒಂದು ಹಳೆಯ ಪಂಚೆಯೂ ಅಲ್ಲಿದ್ದವು. ನಾಲ್ಕು ಊರಿನ ಬಾಳು ಒಂದೇ ಹಾಸಿನಲ್ಲಿ ಮಲಗಿತ್ತು. ಒಂದು ಮೂಲೆಗೆ ಮಾತ್ರ ತಾವರೆಯ ಮೊಗ್ಗಿನಂತೆ ಮಡಿಸಿದ ಬಟ್ಟೆಯ ಹೂವೊಂದನ್ನು ಹೊಲಿದಿದ್ದಳು. ಉಳಿದ ಮೂರು ಮೂಲೆಗಳು ಬರಿದಾಗಿದ್ದವು.

ಆ ಹೂವನ್ನು ಮಡಿಸುವ ಬಗೆ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಏಕೆ ತಿಳಿದಿರಲಿಲ್ಲವೆಂಬುದಕ್ಕೆ ಉತ್ತರ ನನ್ನಲ್ಲಿಯೇ ಇತ್ತು. ಅದನ್ನು ಮುಂದೆ ಹೇಳುವೆನು.

ಹೆಸರಿನ ಜಾಡು

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಇದು ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯಲ್ಲಿ ಕುಳಿತು ಮಾತನಾಡುವ ಸೀಮೆ. ನಮ್ಮ ಮನೆಯಲ್ಲಿ ಕೌದಿ ಎನ್ನುವುದನ್ನು ನೆರೆಮನೆಯವರು ಬೊಂತ ಎನ್ನುವರು. ಕನ್ನಡದಲ್ಲಿಯೂ ಬೊಂತೆ ಎಂಬ ಮಾತುಂಟು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವಾದರೂ ಅದರೊಳಗಿನ ಎರಡು ಪದಗಳೂ ಚಿಂದಿ ಕೂಡಿಸಿ ಹೊಲಿದ ಹೊದಿಕೆಗೇ ಹೆಸರುಗಳೆಂಬುದನ್ನು ಮರೆತಿದ್ದೇವೆ. ಸಂಸ್ಕೃತದ ‘ಕಂಥಾ’ ನಮ್ಮಲ್ಲಿ ಕಂತೆಯಾಯಿತು. ಬಂಗಾಳದಲ್ಲಿ ಅದೇ ಕಾಂಥಾ ಎಂಬ ಹೆಸರಿನಿಂದ ಹಳೆಯ ಸೀರೆಯ ಮೇಲೆ ಚಿತ್ರ ಬಿಡಿಸುವ ಹೊಲಿಗೆಯಾಗಿ ಬೆಳೆಯಿತು. ಭರ್ತೃಹರಿಯು ವೈರಾಗ್ಯಶತಕದಲ್ಲಿ ಸನ್ಯಾಸಿಯ ಆಸ್ತಿಯನ್ನು ಎಣಿಸುವಾಗ ಕಂಥೆಯನ್ನು ಮರೆಯುವುದಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೌದಿ ಪೂಜೆ ಎಂಬ ಆಚರಣೆಯೇ ಇದೆ. ಬಡವನ ಚಳಿಗೂ ವಿರಕ್ತನ ವ್ರತಕ್ಕೂ ಒಂದೇ ಹೊದಿಕೆ ಒದಗಿದ್ದು ನಮ್ಮ ನಾಡಿನ ಸೋಜಿಗಗಳಲ್ಲೊಂದು.

ಸೂಜಿಯ ಕೆಲಸವನ್ನು ಕೀಳೆಂದು ಬಗೆಯುವವರಿಗೆ ಶರಣರ ಹೆಸರುಗಳೇ ಉತ್ತರವಾಗಿವೆ. ಸೂಜಿಕಾಯಕದ ರಾಮಿತಂದೆಯವರ ಹೆಸರಿನಲ್ಲಿಯೇ ಸೂಜಿ ಇದೆ. ಕದಿರ ರೆಮ್ಮವ್ವೆಯ ಹೆಸರಿನಲ್ಲಿ ನೂಲುವ ಕದಿರಿದೆ. ಜೇಡರ ದಾಸಿಮಯ್ಯನವರು ನೇಕಾರರು. ನೂತವರು, ನೇಯ್ದವರು, ಹೊಲಿದವರು ಮೂವರೂ ವಚನಕಾರರ ಸಾಲಿನಲ್ಲಿ ಸಮನಾಗಿ ನಿಂತರು. ಹೀಗಿರುವಾಗ ‘ಗಂಡಸಿಗೆ ಸೂಜಿಯೇಕೆ’ ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಎಡೆಯಿರಬಾರದು.

ಮಠದ ಹಜಾರದಲ್ಲಿ ಕಲಿತದ್ದು

ನನಗೆ ಸೂಜಿ ಹಿಡಿಯುವುದನ್ನು ಕಲಿಸಿದ್ದು ಚಳಿ. 1972ರಲ್ಲಿ, ಹತ್ತು ತುಂಬಿದ ಹುಡುಗನಾಗಿದ್ದ ನನ್ನನ್ನು ಸಂಸ್ಕೃತ ಓದಲೆಂದು ತುಮಕೂರಿನ ಸಿದ್ಧಗಂಗಾ ಮಠಕ್ಕೆ ಸೇರಿಸಿದರು. ತಗಡಿನ ಪೆಟ್ಟಿಗೆ, ತಟ್ಟೆ ಲೋಟ, ಅವ್ವ ಹೊಲಿದ ಒಂದು ಕೌದಿ, ಇಷ್ಟೇ ನನ್ನ ಸಾಮಾನು. ಸಾಲಾಗಿ ಮಲಗುತ್ತಿದ್ದ ಹುಡುಗರಲ್ಲಿ ನನ್ನ ಪಕ್ಕದವನು ಪಾವಗಡದ ಕಡೆಯವನು. ಅವನ ಬಳಿ ತೆಳುವಾದ ಒಂದು ದುಪ್ಪಟಿಯ ಹೊರತು ಬೇರೇನೂ ಇರಲಿಲ್ಲ. ಮಾರ್ಗಶಿರದ ರಾತ್ರಿಗಳಲ್ಲಿ ನಾವಿಬ್ಬರೂ ಒಂದೇ ಕೌದಿಯೊಳಗೆ ಮಲಗಿದೆವು. ಇಬ್ಬರೂ ಎಳೆದಾಡಿದ್ದರಿಂದ ಅದರ ಅಂಚು ಬಿಟ್ಟಿತು. ಹಿರಿಯ ವಿದ್ಯಾರ್ಥಿಯೊಬ್ಬರು ದಬ್ಬಳವನ್ನು ಕೈಗಿತ್ತು, ಹರಿದದ್ದನ್ನು ಹರಿದವರೇ ಹೊಲಿಯಬೇಕೆಂದು ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿದರು. ಬೆರಳಿಗೆ ಚುಚ್ಚಿಕೊಳ್ಳುತ್ತ, ನಗುತ್ತ, ಎರಡು ಭಾನುವಾರಗಳಲ್ಲಿ ಅಂಚನ್ನು ಕೂಡಿಸಿದೆವು.

ರಜೆಗೆ ಊರಿಗೆ ಹೋದಾಗ ಅವ್ವನಿಗೆ ಹೆದರುತ್ತಲೇ ವಿಷಯ ತಿಳಿಸಿದೆನು. ಅವಳು ಬೈಯಲಿಲ್ಲ. ಕೇರಿಯ ಹೆಂಗಸರಿಗೆ ಸುದ್ದಿ ಹೇಳಿ, ಮನೆಗೊಂದು ತುಂಡು ಕೇಳಿ ತಂದಳು. ಮಧ್ಯಾಹ್ನದ ಅಡಿಗೆ ಮುಗಿದ ಮೇಲೆ ನಾಲ್ಕಾರು ಜನ ಪಡಸಾಲೆಯಲ್ಲಿ ಕೂಡುತ್ತಿದ್ದರು. ಒಬ್ಬರು ಹಾಡು ಹೇಳುವರು, ಒಬ್ಬರು ಸೊಸೆಯ ದೂರು ಹೇಳುವರು, ಸೂಜಿಗಳು ಮಾತ್ರ ನಿಲ್ಲುತ್ತಿರಲಿಲ್ಲ. ಕೊನೆಯ ಅಂಚನ್ನು ಮುಚ್ಚುವ ಮುನ್ನ ಅವ್ವ ಒಳಗೆ ನಾಲ್ಕು ಕಾಳು ರಾಗಿಯನ್ನು ಹಾಕಿ, “ಕೌದಿ ಹೊಟ್ಟೆ ಹಸ್ಕೊಂಡಿರಬಾರದು ಕಣಪ್ಪ” ಎಂದಳು. ಮರಾಠಿ ಸೀಮೆಯಲ್ಲಿ ಗೋಧಡಿ ಹೊಲಿಯುವ ಹೆಂಗಸರು ಇದೇ ಭಾವನೆಯಿಂದ ಹೋಳಿಗೆಯ ತುತ್ತನ್ನು ಒಳಗಿಡುವರೆಂದು ಬಹುಕಾಲದ ಮೇಲೆ ತಿಳಿದಾಗ ನನಗೆ ಅವ್ವನ ನೆನಪಾಯಿತು. ಆ ಎರಡನೆಯ ಕೌದಿ ಪಾವಗಡದ ಹುಡುಗನಿಗೆ ಹೋಯಿತು. ಅದನ್ನು ಹೊಲಿದವರಲ್ಲಿ ಯಾರೂ ಅವನ ಮುಖವನ್ನು ಕಂಡವರಲ್ಲ.

ಹೊಲಿಯುವ ಬಗೆ

ಕೌದಿಗೆ ಬೇಕಾದ ಸಾಮಗ್ರಿ ಅತಿ ಸ್ವಲ್ಪ: ಸವೆದ ಹತ್ತಿಯ ಬಟ್ಟೆ, ಗಟ್ಟಿಯಾದ ಹತ್ತಿಯ ದಾರ, ಉದ್ದನೆಯ ಸೂಜಿ. ಬಟ್ಟೆ ಹೊಸದಾಗಿದ್ದರೆ ಸೂಜಿ ಇಳಿಯದು. ತೀರಾ ಜೀರ್ಣವಾಗಿದ್ದರೆ ಹೊಲಿಗೆ ನಿಲ್ಲದು. ಅನೇಕ ಸಲ ಒಗೆದು ಮೆತ್ತಗಾದ, ಆದರೆ ಎಳೆ ಬಿಡದ ಬಟ್ಟೆ ಸರಿಯಾದದ್ದು. ಮೊದಲು ಎಲ್ಲವನ್ನೂ ಒಗೆದು ಬಿಸಿಲಿಗೆ ಹಾಕಬೇಕು; ಗುಂಡಿ, ಕೊಕ್ಕೆ, ದಪ್ಪ ಹೊಲಿಗೆಗಳನ್ನು ಬಿಚ್ಚಿ ತೆಗೆಯಬೇಕು.

ಆರು ಗಜದ ಸೀರೆಯ ಉದ್ದ 18 ಅಡಿ. ಅದನ್ನು ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದ, ಹೆಚ್ಚುಕಡಿಮೆ 4 ಅಡಿ ಅಗಲದ ಮೂರು ಪದರದ ಹಾಸು ಸಿದ್ಧವಾಗುವುದು. ಒಬ್ಬರು ಹೊದೆಯಲು ಇದು ಸಾಕು. ಇನ್ನೊಂದು ಸೀರೆಯನ್ನು ಸೇರಿಸಿದರೆ ಆರು ಪದರ. ಗುಡಿಸಿದ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ಭಾರವಿಟ್ಟು, ಮೊದಲು ದೂರದೂರಕ್ಕೆ ದೊಡ್ಡ ಹೊಲಿಗೆಗಳನ್ನು ಹಾಕಿ ಪದರಗಳು ಜಾರದಂತೆ ಹಿಡಿಸಬೇಕು. ಅನಂತರ ಬಣ್ಣದ ತುಂಡುಗಳ ಅಂಚನ್ನು ಒಳಮಡಿಸಿ ಮೇಲೆ ಜೋಡಿಸುತ್ತ ಹೊಲಿಯುವುದು. ಹೊಲಿಗೆಯೂ ಸರಳ: ಸೂಜಿ ಮೇಲೊಮ್ಮೆ ಕೆಳಗೊಮ್ಮೆ ಹಾಯುತ್ತ ನೇರವಾಗಿ ಮುಂದೆ ಸಾಗುವುದಷ್ಟೇ. ಅರ್ಧ ಅಂಗುಲಕ್ಕೊಂದರಂತೆ ಉದ್ದಕ್ಕೂ ಸಾಲು ಹಾಕಿದರೆ 4 ಅಡಿ ಅಗಲಕ್ಕೆ 96 ಸಾಲುಗಳಾಗುವುವು. ಅಂಗುಲಕ್ಕೆ ಮೂರು ಹೊಲಿಗೆಯಂತೆ ಒಂದು ಸಾಲಿಗೆ 216. ಒಟ್ಟು 20,736 ಹೊಲಿಗೆಗಳು! ಒಬ್ಬಳೇ ಕುಳಿತರೆ ಇದು ಬೆಟ್ಟ. ನಾಲ್ವರು ನಾಲ್ಕು ಬದಿಗೆ ಕುಳಿತರೆ ತಲೆಗೆ ಐದು ಸಾವಿರಕ್ಕೆ ಇಳಿಯುವುದು. ಕೌದಿಯ ಕೆಲಸ ಕೂಟದ ಕೆಲಸವಾದುದಕ್ಕೆ ಈ ಲೆಕ್ಕವೇ ಕಾರಣ.

ಕೌದಿ ಬೆಚ್ಚಗಿಡುವ ಮರ್ಮವನ್ನೂ ಮಕ್ಕಳಿಗೆ ತಿಳಿಸಬೇಕು. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡದು. ಒತ್ತಾದ ಹೊಲಿಗೆಯ ಸಾಲುಗಳು ಆ ಗಾಳಿಯನ್ನು ಸಣ್ಣ ಸಣ್ಣ ಮನೆಗಳಲ್ಲಿ ಹಿಡಿದಿಡುತ್ತವೆ. ಪದರಗಳು ಒಂದೆಡೆ ಮುದ್ದೆಯಾಗದಂತೆಯೂ ಕಾಯುತ್ತವೆ. ಹತ್ತಿ ಬೆವರನ್ನು ಹೀರುವುದರಿಂದ ಬೇಸಿಗೆಯಲ್ಲಿ ಅದೇ ಕೌದಿ ಹಾಸಿಗೆಯಾಗುವುದು. ನುಣುಪಾದ ಪಾಲಿಯೆಸ್ಟರ್ ಸೀರೆಗಳಿಗೆ ಈ ಗುಣವಿಲ್ಲ. ಅವು ಬೆವರನ್ನು ಹೀರವು, ಹೊಲಿಯುವಾಗ ಪದರ ಜಾರುವುದೂ ಉಂಟು. ನಂದಿಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸುವ ಧನುರ್ಮಾಸದಲ್ಲಿ ಹಳೆಯ ಹತ್ತಿಯ ಕೌದಿಯ ಹಿತ ಹೊದ್ದವರಿಗೇ ಗೊತ್ತು.

ನನ್ನ ತಪ್ಪು

ಈಗ ನನ್ನ ತಪ್ಪಿನ ಮಾತು. ಐದಾರು ವರ್ಷಗಳ ಹಿಂದೆ ನನ್ನ ಹೆಂಡತಿ ಮೊಮ್ಮಗಳಿಗೆಂದು ಈ ಕೌದಿಯನ್ನು ಹಾಸಿಕೊಂಡು ಕುಳಿತಳು. ಮೂಲೆಯ ಹೂವು ಅವಳ ಅಜ್ಜಿಯಿಂದ ಬಂದ ವಿದ್ಯೆ. “ರೀ, ಅಕ್ಕಪಕ್ಕದೋರು ನಾಲ್ಕು ಜನ ಬಂದ್ರೆ ಕಲಿಸ್ತೀನಿ. ಭಾನುವಾರ ಹೊತ್ತು ಜಗಲಿ ಮೇಲೆ ಕೂತ್ಕೊತೀವಿ” ಎಂದಳು. ನಾನು ಆಗ ಒಂದು ಗ್ರಂಥದ ಕರಡು ತಿದ್ದುತ್ತಿದ್ದೆನು. ಗದ್ದಲವಾಗುವುದೆಂಬ ಅಂಜಿಕೆ ನನಗೆ. “ಅಂಗಡಿಯಲ್ಲಿ ನಯವಾದ ರಗ್ಗು ಸಿಗುತ್ತದೆ. ಈ ವಯಸ್ಸಿನಲ್ಲಿ ಕಣ್ಣೇಕೆ ಕೆಡಿಸಿಕೊಳ್ಳುತ್ತೀ?” ಎಂದುಬಿಟ್ಟೆನು. ಅವಳು ಮರುಮಾತಾಡಲಿಲ್ಲ. ಮತ್ತೆ ಕೇಳಲೂ ಇಲ್ಲ. ಬಿಡುವಾದಾಗ ಒಬ್ಬಳೇ ನಾಲ್ಕು ಸಾಲು ಹೊಲಿದು ಮಡಿಸಿಡುತ್ತಿದ್ದಳು. ಮಠದ ಹಜಾರದಲ್ಲಿ ಕೌದಿಯೊಳಗೆ ಬೆಳೆದವನು, ಕಾಯಕ ದಾಸೋಹಗಳ ಮೇಲೆ ಊರೂರಿಗೆ ಹೋಗಿ ಉಪನ್ಯಾಸ ಮಾಡಿದವನು, ಮನೆಯ ಜಗಲಿಗೆ ಬರಬಹುದಾಗಿದ್ದ ದಾಸೋಹವನ್ನು ಒಂದು ಮಾತಿನಿಂದ ತಡೆದೆನು.

ಅನ್ನವನ್ನು ಹಂಚುವುದಷ್ಟೇ ದಾಸೋಹವಲ್ಲ. ತಿಳಿದದ್ದನ್ನು ಹಂಚುವುದೂ ದಾಸೋಹವೇ. ಅನ್ನ ಹಂಚಿದರೆ ಪಾತ್ರೆ ಖಾಲಿಯಾದೀತು, ಮತ್ತೆ ಬೇಯಿಸಬೇಕು. ಕೈಕೆಲಸ ಹಂಚಿದರೆ ಹಂಚಿದವರಲ್ಲಿ ಅದು ಕಡಿಮೆಯಾಗದು. ಹಂಚದೆ ಹೋದರೆ ಮಾತ್ರ ಹೊತ್ತವರೊಡನೆ ಮಣ್ಣು ಸೇರುವುದು. ಟ್ರಂಕಿನ ತಳದ ಆ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ದಿನ ಇದು ನನಗೆ ಮನವರಿಕೆಯಾಯಿತು.

ಶಿಡ್ಲಘಟ್ಟದ ಅಜ್ಜಿ

ಸೊಸೆ ಸುಮ್ಮನೆ ಕೂರುವವಳಲ್ಲ. ಶಿಡ್ಲಘಟ್ಟದ ನನ್ನ ಮಗಳಿಗೆ ಹೇಳಿ ಕಳುಹಿಸಿದಳು. ಶಿಡ್ಲಘಟ್ಟವೆಂದರೆ ರೇಷ್ಮೆಗೂಡಿನ ಊರು. ಅಲ್ಲಿನ ಗೂಡಿನ ಮಾರುಕಟ್ಟೆಯ ಹೆಸರು ನಾಡಿಗೆಲ್ಲ ಪರಿಚಿತ. ಮಗಳ ನೆರೆಮನೆ ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಮನೆತನದ್ದು. ಆ ಮನೆಯ ಅಜ್ಜಿ ಬಾಲ್ಯದಿಂದಲೂ ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿಯನ್ನು ಹುಡುಕಿ ತೆಗೆದವರು. ಬಿಡುವಿನಲ್ಲಿ ಮನೆಮಂದಿಗೆಲ್ಲ ಬೊಂತ ಹೊಲಿದವರು. ಮಗಳೊಡನೆ ಬಸ್ಸು ಹತ್ತಿ ಅವರು ನಮ್ಮ ಮನೆಗೆ ಬಂದರು. ಕೌದಿಯ ಮೇಲೆ ಅಂಗೈಯಾಡಿಸಿ, “ಅಯ್ನೋರೇ, ಅಮ್ಮಾವ್ರ ಕೈ ಸಣ್ಣದು, ಎಷ್ಟು ಒತ್ತಾಗಿ ಹೊಲ್ದವ್ರೆ!” ಎಂದರು. ಅನಂತರ ಮೂಲೆಯ ಹೂವನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. “ಇದು ನನಗೆ ಬರಲ್ಲ. ಆದ್ರೆ ಬಿಚ್ಚಿ ನೋಡಿದ್ರೆ ಮಡಿಕೆ ಗೊತ್ತಾಯ್ತದೆ” ಎಂದರು.

ನನ್ನ ಎದೆ ಧಸಕ್ಕೆಂದಿತು. ಅವಳ ಕೈಯ ಹೊಲಿಗೆಯನ್ನು ಬಿಚ್ಚುವುದೇ? “ಬೇಡ. ಒಂದೇ ಮೂಲೆಗೆ ಹೂವಿರಲಿ, ಹಾಗೆಯೇ ಮುಗಿಸೋಣ” ಎಂದೆನು. ಯಾರೂ ಮಾತಾಡಲಿಲ್ಲ. ಕಡೆಗೆ ಸೊಸೆಯೇ ಮೆಲ್ಲನೆ, “ಮಾವ, ಅತ್ತೆ ಕಲಿಸಬೇಕು ಅಂತಿದ್ರಲ್ಲ. ಈಗ ಇದನ್ನ ಬಿಚ್ಚಿದ್ರೆ ಅವರೇ ಕಲಿಸಿದ ಹಾಗಾಗತ್ತೆ” ಎಂದಳು.

ಅಜ್ಜಿ ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿದರು. ಸೊಸೆ ಪ್ರತಿಯೊಂದು ಮಡಿಕೆಯನ್ನೂ ಕಾಗದದ ಮೇಲೆ ಬರೆದುಕೊಂಡಳು. ಚೌಕದ ತುಂಡನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಮತ್ತೊಮ್ಮೆ ಮಡಿಸಿದರೆ ಒಂದು ದಳ. ಒಂದಕ್ಕಿಂತ ಒಂದು ಚಿಕ್ಕದಾದ ಮೂರು ದಳಗಳನ್ನು ಒಂದರ ಮೇಲೊಂದಿಟ್ಟರೆ ಮೊಗ್ಗು. ಇಷ್ಟೇ! ಕಾಲು ಗಂಟೆಯಲ್ಲಿ ಕಲಿಸಬಹುದಾಗಿದ್ದ ವಿದ್ಯೆ. ಬಿಚ್ಚಿದ ತುಂಡುಗಳನ್ನೇ ಮತ್ತೆ ಅದೇ ಜಾಗದಲ್ಲಿ ಅದೇ ರಂಧ್ರಗಳಲ್ಲಿ ಹೊಲಿದೆವು.

“ಅಂಚು ಮೊದಲು, ನಡು ಆಮೇಲೆ. ಅಂಚು ಗಟ್ಟಿಯಿದ್ರೆ ನಡು ಎಲ್ಲಿಗೂ ಓಡೋಗಲ್ಲ” ಎಂಬುದು ಅಜ್ಜಿಯ ಪಾಠ. ಅಂದಿನಿಂದ ಭಾನುವಾರದ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಐದಾರು ಜನ ಕೂಡುವರು. ಅವರಲ್ಲೊಬ್ಬಳು ಗೌರಿಬಿದನೂರಿನ ನಮ್ಮ ಸಂಬಂಧಿ, ಗಾರ್ಮೆಂಟ್ಸಿನಲ್ಲಿ ದಿನವೆಲ್ಲ ಯಂತ್ರದ ಮುಂದೆ ಕುಳಿತು ಅಂಗಿಯ ತೋಳನ್ನಷ್ಟೇ ಹೊಲಿಯುವವಳು. ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಾರೆ ಮಾಡಿದ್ದು ಇದೇ ಮೊದಲೆಂದು ಅವಳು ಹೇಳಿದಳು. ಚಿಂತಾಮಣಿಯಿಂದ ನನ್ನ ನಾದಿನಿ ಬಂದು ಹೂವಿನ ಮಡಿಕೆಯನ್ನು ನಮ್ಮಿಂದಲೇ ಕಲಿತು, ತಮ್ಮ ಅಜ್ಜಿಯ ವಿದ್ಯೆಯನ್ನು ತವರಿಗೆ ಮರಳಿ ಕೊಂಡೊಯ್ದಳು.

ಬೇರೆ ಊರುಗಳ ಕೌದಿ

ನಮ್ಮ ಜಗಲಿಯ ಮಾತು ದೂರದ ಊರುಗಳಲ್ಲಿಯೂ ನಿಜವಾಗಿದೆ. ಉತ್ತರ ಕರ್ನಾಟಕದಲ್ಲಿ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರಿಂದೂರಿಗೆ ಹೋಗಿ, ಮನೆಯವರು ಕೊಟ್ಟ ಹಳೆಯ ಇಳಕಲ್ ಸೀರೆ, ಖಣದ ತುಂಡುಗಳಿಂದ ಕೌದಿ ಹೊಲಿದುಕೊಟ್ಟು ಕಾಳುಕಡಿ, ಕೂಲಿ ಪಡೆಯುವ ಪದ್ಧತಿಯುಂಟು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗದವರಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಧರ್ಮದವರೂ ಉಂಟು. ಮೂರು ಮನೆಗಳ ಹೆಂಗಸರೂ ಕೌದಿ ಹೊಲಿಯುವರು. ಅವರದು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತಲೂ ಹೊಲಿಯುತ್ತ ನಡುವಿಗೆ ಬರುವ ಕ್ರಮ. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫುಲಾ’, ಅಂದರೆ ಹೂವುಗಳನ್ನು ಇಡುವರು. ಹೂವಿಲ್ಲದ ಕೌದಿ ಬೆತ್ತಲೆಯೆಂಬುದು ಅವರ ಭಾವನೆ. ಈ ಸಂಗತಿ ತಿಳಿದಾಗ ನನ್ನ ಹೆಂಡತಿ ಮೊದಲು ಮೂಲೆಯ ಹೂವನ್ನೇಕೆ ಹೊಲಿದಳೆಂದು ನನಗೆ ಅರ್ಥವಾದಂತಾಯಿತು. 2004ರಲ್ಲಿ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರು ಕೌದಿಯ ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. ಮನೆಯ ಮಕ್ಕಳಿಗೆಂದು ಹೊಲಿಯುತ್ತಿದ್ದ ಹೊದಿಕೆ ಅವರಿಗೆ ಆದಾಯವನ್ನೂ ತಂದಿತು.

ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹಿಂದೆ ಗುಲಾಮರಾಗಿ ದುಡಿದವರ ವಂಶದ ಹೆಂಗಸರು ಅಲ್ಲಿ ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. ತಾಯಿ ಮಗಳಿಗೆ, ಅತ್ತೆ ಸೊಸೆಗೆ ಕಲಿಸುತ್ತ ಬಂದರು. 2002ರಲ್ಲಿ ಆ ಹೊದಿಕೆಗಳನ್ನು ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ತೂಗುಹಾಕಿದರು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೆ ಅವುಗಳ ಚಿತ್ರಗಳು ಬಂದವು. ಅವು ಅಲ್ಲಿಯವರೆಗೆ ಉಳಿದು ಬಂದದ್ದು ಆ ಹೆಂಗಸರು ಒಬ್ಬರಿಗೊಬ್ಬರು ಕಲಿಸಿದ್ದರಿಂದ.

ಓದುಗ ತಾಯಂದಿರಲ್ಲಿ, ಸೋದರಿಯರಲ್ಲಿ, ನನ್ನಂತಹ ಗಂಡಸರಲ್ಲಿಯೂ ನನ್ನ ವಿನಂತಿಯಿಷ್ಟೆ. ಬರುವ ಚಳಿಗಾಲಕ್ಕೆ ಮುನ್ನ ನಿಮ್ಮ ಟ್ರಂಕಿನಿಂದ ಎರಡು ಹಳೆಯ ಸೀರೆಗಳನ್ನು ತೆಗೆಯಿರಿ. ನೆರೆಮನೆಯವರನ್ನು ಕರೆಯಿರಿ, ಅವರ ಮನೆಯ ಒಂದು ತುಂಡೂ ಬರಲಿ. ಮನೆಯಲ್ಲಿ ಹೊಲಿಯಬಲ್ಲ ಹಿರಿಯರಿದ್ದರೆ ಅವರ ಬಳಿ ಒಂದು ಮಗುವನ್ನು ಕೂರಿಸಿ. ಅವರು ಕಲಿಸುತ್ತೇನೆಂದು ಬಾಯಿಬಿಟ್ಟು ಕೇಳಿದಾಗ, ದಯಮಾಡಿ, ನಾನು ಕೊಟ್ಟ ಉತ್ತರವನ್ನು ಕೊಡಬೇಡಿ.

ನಮ್ಮ ಕೌದಿ ಕಳೆದ ಪುಷ್ಯಮಾಸದಲ್ಲಿ ಮುಗಿಯಿತು. ನಾಲ್ಕು ಮೂಲೆಗೂ ಹೂವುಗಳಿವೆ. ಕೊನೆಯ ಅಂಚು ಮುಚ್ಚುವ ಮುನ್ನ ಸೊಸೆ ನಾಲ್ಕು ಕಾಳು ರಾಗಿ ಹಾಕಿದಳು. ನನ್ನ ಹೆಂಡತಿಯ ಸಾಲುಗಳು ನಿಂತು ನಮ್ಮವು ಆರಂಭವಾದ ಜಾಗ ಎದ್ದು ಕಾಣುತ್ತದೆ. ಅವಳ ಹೊಲಿಗೆ ಸಣ್ಣದು, ನಮ್ಮದು ಉದ್ದ, ನನ್ನದಂತೂ ಸೊಟ್ಟ. ಅವಳು ಚುಚ್ಚಿ ಬಿಟ್ಟಿದ್ದ ಸೂಜಿಯನ್ನು ಯಾರು ಎತ್ತಬೇಕೆಂದು ನಾವೆಲ್ಲ ಹಿಂದೆಗೆಯುತ್ತಿದ್ದಾಗ, ಎಂಟು ವರ್ಷದ ಮೊಮ್ಮಗಳು “ತಾತ, ನಾನು” ಎಂದು ಕೈಚಾಚಿ, ಉಳಿದಿದ್ದ ಗೇಣು ದಾರ ಮುಗಿಯುವವರೆಗೆ ಹೊಲಿದಳು. ಆಮೇಲೆ ಹೊಸ ದಾರ ಪೋಣಿಸಿಕೊಡೆಂದು ಅಜ್ಜಿಯ ಕಡೆಗೆ ಸೂಜಿಯನ್ನು ಚಾಚಿದಳು.